ಬುಕಮ್ ಸಿಂಗ್ ಸಮಾಧಿಗೆ ಹೋಗುವ ಮುನ್ನ: ಕಡತ, ಪದಕ, ಕಲ್ಲು, ಹೂವು

ಗ್ರ್ಯಾಂಡ್‌ರಿವರ್_ಕೂಟ
ಎಲ್ಲರಿಗೂ ನಮಸ್ಕಾರ. ಈ ನವೆಂಬರ್‌ನಲ್ಲಿ ನಮ್ಮ ಕೂಟದ ಮಕ್ಕಳನ್ನು ಕೆನಡಾದ ಒಂಟಾರಿಯೋದಲ್ಲಿರುವ ಕಿಚನರ್‌ನ ಮೌಂಟ್ ಹೋಪ್ ಸ್ಮಶಾನಕ್ಕೆ, ಪ್ರೈವೇಟ್ (ಸಾಮಾನ್ಯ ಸೈನಿಕ) ಬುಕಮ್ ಸಿಂಗ್ ಸಮಾಧಿಗೆ ಕರೆದುಕೊಂಡು ಹೋಗುವ ಯೋಚನೆ ಇದೆ. ಕೈಗೆ ಕೊಡಲು ಒಂದು ಪುಟದ ಕರಪತ್ರ ಬೇಕು. ವಾಟ್ಸಾಪ್‌ನಲ್ಲಿ ಸಿಕ್ಕಿದ್ದು ಇಷ್ಟು: "ಭಾರತೀಯ ಸೇನೆಯ ಸಿಖ್ ಯೋಧ, ಮೊದಲ ಮಹಾಯುದ್ಧದಲ್ಲಿ ಹೋರಾಡುತ್ತಾ ರಣರಂಗದಲ್ಲೇ ಪ್ರಾಣ ಬಿಟ್ಟ, ಕೆನಡಾ ಪರ ಹೋರಾಡಿದ ಏಕೈಕ ಸಿಖ್." ಇದರಲ್ಲಿ ಎಷ್ಟು ಸರಿ? ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು? ಬಲ್ಲವರು ತಿಳಿಸಿ.

ಕಡತಪ್ರೇಮಿ
ಆ ಮೂರೂ ಮಾತು ತಪ್ಪು ಸರ್, ದಯವಿಟ್ಟು ಅಚ್ಚು ಹಾಕಿಸಬೇಡಿ.

ಅವರು ಭಾರತೀಯ ಸೇನೆಯವರಲ್ಲ. ಕೆನಡಾಕ್ಕೆ ವಲಸೆ ಬಂದು, ಕೆನಡಾದಲ್ಲೇ ಸೇನೆ ಸೇರಿದವರು. ಹುಟ್ಟಿದ್ದು 1893ರಲ್ಲಿ, ಪಂಜಾಬಿನ ಹೋಶಿಯಾರ್‌ಪುರ ಕಡೆಯ ಮಹಿಲ್‌ಪುರದಲ್ಲಿ. ಹತ್ತು ವರ್ಷ ತುಂಬುವ ಮೊದಲೇ ಮದುವೆ. 1907ರಲ್ಲಿ ಒಬ್ಬನೇ ಬ್ರಿಟಿಷ್ ಕೊಲಂಬಿಯಾಕ್ಕೆ ಬಂದಾಗ ಇನ್ನೂ ಮೀಸೆ ಮೂಡದ ಹುಡುಗ. ಕೆಲವು ವರ್ಷದ ನಂತರ ಒಂಟಾರಿಯೋಕ್ಕೆ ಬಂದು ಹೊಲದ ಕೂಲಿ ಮಾಡಿಕೊಂಡಿದ್ದರು. 1915ರ ವಸಂತದಲ್ಲಿ ಸ್ಮಿತ್ಸ್ ಫಾಲ್ಸ್‌ನಲ್ಲಿ ಸೈನ್ಯಕ್ಕೆ ಹೆಸರು ಬರೆಸಿದರು. 1916ರಲ್ಲಿ 20ನೇ ಕೆನಡಿಯನ್ ಇನ್‌ಫೆಂಟ್ರಿ ಬೆಟಾಲಿಯನ್ ಜೊತೆ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್ ಕಂದಕಗಳಲ್ಲಿದ್ದರು. ಜೂನ್‌ನಲ್ಲಿ ತಲೆಗೆ ಸಿಡಿದ ಷೆಲ್‌ನ ಚೂರು (ಷ್ರಾಪ್ನೆಲ್) ಬಡಿಯಿತು. ವಾಸಿಯಾಗಿ ಮರಳಿದ ಮೇಲೆ ಜುಲೈನಲ್ಲಿ ಕಾಲಿಗೆ ಗುಂಡು. ಚಿಕಿತ್ಸೆಗೆಂದು ಇಂಗ್ಲೆಂಡಿಗೆ ಕಳಿಸಿದರು, ಅಲ್ಲಿ ಕ್ಷಯ ಅಂಟಿಕೊಂಡಿತು. ಕೆನಡಾಕ್ಕೆ ವಾಪಸು ಕಳಿಸಿದ ಮೇಲೆ 1919ರ ಆಗಸ್ಟ್ 27ರಂದು ಕಿಚನರ್‌ನ ಫ್ರೀಪೋರ್ಟ್ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 25. ಅಂದರೆ ಕದನವಿರಾಮ ಆಗಿ ಒಂಬತ್ತು ತಿಂಗಳ ಮೇಲೆ.

"ಏಕೈಕ" ಅನ್ನುವುದೂ ಸಲ್ಲ. ಆ ಯುದ್ಧದಲ್ಲಿ ಕೆನಡಾ ಪಡೆಯಲ್ಲಿದ್ದ ಸಿಖ್ಖರು ಹತ್ತರ ಆಸುಪಾಸು. ಕೆನಡಾ ನೆಲದಲ್ಲಿ ಗುರುತು ಸಿಕ್ಕಿರುವ, ಆ ಯುದ್ಧದ ಸಿಖ್ ಸೈನಿಕನ ಸಮಾಧಿ ಮಾತ್ರ ಇದೊಂದೇ. ಬರೆಯುವುದಾದರೆ ಹಾಗೆ ಬರೆಯಿರಿ.

ಮಲೆನಾಡವಳು
ಕಡತಪ್ರೇಮಿ ಸರ್, ಸತ್ತದ್ದು ಕ್ಷಯದಿಂದ, ಅದೂ ಯುದ್ಧ ಮುಗಿದ ಮೇಲೆ. ಹಾಗಾದರೆ ಯುದ್ಧದಲ್ಲಿ ಮಡಿದವರ ಲೆಕ್ಕಕ್ಕೆ ಹೇಗೆ ಬಂದರು?

ಕಡತಪ್ರೇಮಿ
ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಅವಧಿ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ. ಸೇವೆಯಲ್ಲಿದ್ದಾಗ ಸತ್ತರೆ ಕಾರಣ ಯಾವುದಾದರೂ ಸರಿ, ಲೆಕ್ಕಕ್ಕೆ ಬರುತ್ತಾರೆ. ಬಿಡುಗಡೆಯಾದ ಮೇಲೆ ಸತ್ತರೆ, ಸಾವಿಗೆ ಸೇವೆಯೇ ಕಾರಣ, ಇಲ್ಲವೇ ಸೇವೆಯಿಂದ ಕಾಯಿಲೆ ಹೆಚ್ಚಾಯಿತು ಎಂದು ತೋರಿಸಬೇಕು. ಎಡವಟ್ಟು ಆಗುವುದು ಇಲ್ಲೇ. ಗುಂಡೇಟಿಗೆ ಕಾಗದ ತಾನಾಗಿ ಹುಟ್ಟುತ್ತದೆ. ಕ್ಷಯ, ವಿಷಾನಿಲದಿಂದ ಕೆಟ್ಟ ಶ್ವಾಸಕೋಶ, ಇನ್‌ಫ್ಲುಯೆಂಜಾ ಇವುಗಳಿಗೆ ಸೇನೆಯ ವೈದ್ಯಕೀಯ ಕಡತವನ್ನೂ ಊರಿನ ಮರಣ ನೋಂದಣಿಯನ್ನೂ ಯಾರಾದರೂ ಕೂತು ಜೋಡಿಸಬೇಕು. ಮನೆಯವರು ಏಳು ಸಮುದ್ರದಾಚೆ ಇದ್ದರೆ ಜೋಡಿಸುವವರು ಯಾರು? ಹೀಗೆ ಬಿಟ್ಟುಹೋದ ಹೆಸರುಗಳನ್ನು ಆಯೋಗ ಈಗಲೂ ಸೇರಿಸುತ್ತದೆ. ಬೇಕಾದದ್ದು ಎರಡು: ಮರಣ ಪ್ರಮಾಣಪತ್ರ, ಮತ್ತು ಅದೇ ಕಾಯಿಲೆ ಸೇವೆಯಲ್ಲಿದ್ದಾಗ ಶುರುವಾಯಿತು ಅಥವಾ ಹೆಚ್ಚಾಯಿತು ಎಂದು ತೋರಿಸುವ ಸೇನಾ ವೈದ್ಯಕೀಯ ಹಾಳೆ. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಅರ್ಜಿ ನಿಲ್ಲುವುದಿಲ್ಲ.

ಹಳೇಪದಕ
ಈ ಹುಡುಗನ ಕತೆ ಹೊರಗೆ ಬಂದದ್ದೇ ಪದಕದಿಂದ. 2007ರಲ್ಲಿ ಸಂದೀಪ್ ಸಿಂಗ್ ಬ್ರಾರ್ ಎಂಬ ಕೆನಡಾದ ಇತಿಹಾಸಾಸಕ್ತರಿಗೆ ಲಂಡನ್ನಿನ ಗಿರವಿ ಅಂಗಡಿಯಲ್ಲಿ ಒಂದು ವಿಕ್ಟರಿ ಮೆಡಲ್ (ಆ ಯುದ್ಧದ ಸೈನಿಕರಿಗೆ ಕೊಟ್ಟ ಪದಕ) ಸಿಕ್ಕಿತು. ಅಂಚಿನಲ್ಲಿ ಹೆಸರಿತ್ತು. ಆ ಹೆಸರಿನ ಬಾಲ ಹಿಡಿದು ಕಡತಕ್ಕೆ, ಕಡತದಿಂದ ಸಮಾಧಿಗೆ ತಲುಪಿದರು.

ಮಕ್ಕಳಿಗೆ ತೋರಿಸಲು ಆ ಯುದ್ಧದ ಪದಕ ಯಾರಾದರೂ ತಂದರೆ, ಮೊದಲು ಅಂಚು ತಿರುಗಿಸಿ ನೋಡಿ. ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು, ವಿಕ್ಟರಿ ಮೆಡಲ್ ಕಂಚಿನದು, ಎರಡಕ್ಕೂ ವ್ಯಾಸ 36 ಮಿ.ಮೀ. ಅಂಚಿನ ಮೇಲೆ ಸೈನಿಕನ ನಂಬರು, ದರ್ಜೆ, ಹೆಸರು, ದಳ ಇಷ್ಟನ್ನೂ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ಹಳೇ ಹೆಸರು ಉಜ್ಜಿ ಹೊಸದು ಒತ್ತಿದ ನಕಲಿಗಳೂ ಮಾರುಕಟ್ಟೆಯಲ್ಲಿವೆ. ವರ್ನಿಯರ್ ಕ್ಯಾಲಿಪರ್ಸ್‌ನಿಂದ ಹೆಸರಿರುವ ಕಡೆ ಒಮ್ಮೆ, ಇಲ್ಲದ ಕಡೆ ಒಮ್ಮೆ ಅಳೆಯಿರಿ. ಉಜ್ಜಿದ್ದರೆ ಅಲ್ಲಿ ಕೂದಲೆಳೆಯಷ್ಟು ಕಡಿಮೆ ಬರುತ್ತದೆ, ಅಂಚು ಬೆಳಕಿಗೆ ಹಿಡಿದರೆ ಅರದ ಗೀರು ಕಾಣುತ್ತದೆ.

ವಿಕ್ಟರಿ ಮೆಡಲ್ ಒಂಟಿಯಾಗಿ ಸಿಗುವುದು ಮಾಮೂಲು. 1980ರ ಹೊತ್ತಿಗೆ ಬೆಳ್ಳಿ ಬೆಲೆ ಗಗನಕ್ಕೇರಿದಾಗ ಎಷ್ಟೋ ಬೆಳ್ಳಿ ಪದಕಗಳು ಕರಗಿಹೋದವು. ಕಂಚಿಗೆ ಬೆಲೆ ಇಲ್ಲವಲ್ಲ, ಅದು ಉಳಿಯಿತು.

ಮಲೆನಾಡವಳು
1914-15 ಸ್ಟಾರ್ ಅಂತ ಇನ್ನೊಂದು ಇದೆಯಲ್ಲ? 1915ರಲ್ಲೇ ಸೇರಿದವರಿಗೆ ಅದೂ ಬರಬೇಕಲ್ಲವೇ?

ಹಳೇಪದಕ
ಸೇರಿದ ತಾರೀಖು ಗಣನೆಗೆ ಬರುವುದಿಲ್ಲ ಮೇಡಂ. 1915ರ ಡಿಸೆಂಬರ್ 31ರೊಳಗೆ ಯುದ್ಧಭೂಮಿಯಲ್ಲಿ ಕಾಲಿಟ್ಟಿರಬೇಕು. ಇಂಗ್ಲೆಂಡಿನ ತರಬೇತಿ ಶಿಬಿರ ಯುದ್ಧಭೂಮಿ ಅಲ್ಲ. 1916ರಲ್ಲಿ ಫ್ರಾನ್ಸಿಗೆ ದಾಟಿದವರಿಗೆ ಎರಡೇ ಪದಕ. ಕರಪತ್ರದಲ್ಲಿ ಮೂರು ಪದಕದ ಚಿತ್ರ ಹಾಕಬೇಡಿ, ಗೂಗಲ್‌ನಲ್ಲಿ ಸುಲಭವಾಗಿ ಸಿಗುವುದು ಮೂರರ ಚಿತ್ರವೇ.

ಲೀಡ್ಸ್_ಕನ್ನಡಿಗ
ಇದಕ್ಕೆ ಎದುರು, ಸ್ಟಾರ್ ಪಡೆದವರ ಉದಾಹರಣೆ ಇಂಗ್ಲೆಂಡಿನ ನಮ್ಮ ಲೀಡ್ಸ್ ಊರಿನದು. ಜೋಗೇಂದ್ರನಾಥ ಸೇನ್, ಬಂಗಾಳದ ಚಂದನ್‌ನಗರದವರು. 1910ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಓದಲು ಬಂದು 1913ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, ನಗರಸಭೆಯ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. 1914ರ ಸೆಪ್ಟೆಂಬರ್‌ನಲ್ಲೇ ಲೀಡ್ಸ್ ಪಾಲ್ಸ್ ಎಂಬ ಸ್ಥಳೀಯರ ಬೆಟಾಲಿಯನ್ ಸೇರಿದರು. ಆ ದಳ ಡಿಸೆಂಬರ್ 1915ರಲ್ಲಿ ಈಜಿಪ್ಟಿಗೆ ಹೋಯಿತು, ಹಾಗಾಗಿ ಸ್ಟಾರ್ ಉಂಟು. 1916ರ ಮೇ 22ರ ರಾತ್ರಿ ಫ್ರಾನ್ಸಿನ ಸೊಮ್ ಪ್ರದೇಶದಲ್ಲಿ ಮಡಿದರು, ವಯಸ್ಸು 28. ಸಮಾಧಿ ಕೊಲಿಂಕಾಂಪ್‌ನ ಸುಕ್ರೆರಿ ಸೈನಿಕ ಸ್ಮಶಾನದಲ್ಲಿದೆ. ದಳದಲ್ಲಿ ಅವರಷ್ಟು ಓದಿದವರು ಇರಲಿಲ್ಲ ಎಂದು ಜೊತೆಗಾರರೊಬ್ಬರು ಮುಪ್ಪಿನಲ್ಲಿ ನೆನೆದಿದ್ದರು. ಆದರೂ ಕೊನೆಯವರೆಗೂ ಪ್ರೈವೇಟ್ ಆಗಿಯೇ ಉಳಿದರು. ಬಿಳಿಯರಲ್ಲದವರಿಗೆ ಆಗ ಬಡ್ತಿ ಕೊಡುತ್ತಿರಲಿಲ್ಲ ಎಂದು ಅದೇ ಜೊತೆಗಾರರು ಹೇಳಿದ್ದರು.

ಅವರ ರಕ್ತದ ಕಲೆಯ, ಒಡೆದ ಕನ್ನಡಕ ಚಂದನ್‌ನಗರದ ಮ್ಯೂಸಿಯಂನಲ್ಲಿದೆ. ಲೀಡ್ಸ್ ವಿಶ್ವವಿದ್ಯಾಲಯದ ಸ್ಮಾರಕದಲ್ಲಿ ಹೆಸರು ಮೊದಲಿನಿಂದ ಇತ್ತು. ಕನ್ನಡಕ ಅತ್ತ, ಹೆಸರು ಇತ್ತ. 2005ರ ಸುಮಾರಿಗೆ ಸಂಶೋಧಕ ಶಾಂತನು ದಾಸ್ ಆ ಕನ್ನಡಕ ನೋಡಿ ಅದರ ಹಿಂದೆ ಬಿದ್ದ ಮೇಲೆಯೇ ಕತೆ ಬೆಳಕಿಗೆ ಬಂದದ್ದು.

ಕಡತ ಹುಡುಕುವವರಿಗೆ ಇನ್ನೊಂದು ಮಾತು. ಬ್ರಿಟಿಷ್ ಸಾಮಾನ್ಯ ಸೈನಿಕರ ಕಡತಗಳಲ್ಲಿ ಬಹುಪಾಲು 1940ರ ಸೆಪ್ಟೆಂಬರ್ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು, ನೂರಕ್ಕೆ ನಲವತ್ತರಷ್ಟು ಮಾತ್ರ ಉಳಿದಿವೆ. ಸಿಗದಿದ್ದರೆ "ಹೆಸರೇ ಇಲ್ಲ, ಸುಳ್ಳು" ಎಂದು ಕೈಬಿಡಬೇಡಿ. ಪದಕದ ಕಾರ್ಡ್ ಸೂಚಿ ಬೇರೆ ಕಡೆ ಇತ್ತು, ಅದು ಸುಡಲಿಲ್ಲ. ಮೊದಲು ಅಲ್ಲಿ ನೋಡಿ.

ಕಡತಪ್ರೇಮಿ
ಕೆನಡಾ ವಿಷಯದಲ್ಲಿ ನಾವು ಪುಣ್ಯವಂತರು. ಆ ಯುದ್ಧದ ಆರು ಲಕ್ಷಕ್ಕೂ ಹೆಚ್ಚು ಕಡತಗಳನ್ನು ಲೈಬ್ರರಿ ಆ್ಯಂಡ್ ಆರ್ಕೈವ್ಸ್ ಕೆನಡಾ 2018ರ ಹೊತ್ತಿಗೆ ಪೂರ್ತಿ ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದೆ. ಮಕ್ಕಳ ಕೈಯಲ್ಲೇ ಹುಡುಕಿಸಬಹುದು. ಎಲ್ಲಿ ಎಡವುತ್ತಾರೆ ಹೇಳುತ್ತೇನೆ.

ಹೆಸರು. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಸಿಂಗ್‌ನ ಕೊನೆಯ 'ಎಚ್' ಹಾರಿಹೋಗಿರಬಹುದು, ಮೊದಲ ಹೆಸರಿನ ಸ್ವರ ಬದಲಾಗಿರಬಹುದು, ಅಡ್ಡಹೆಸರು ಮುಂದೆ ಬಂದಿರಬಹುದು. ಪೂರ್ತಿ ಹೆಸರು ಹಾಕಿ ಹುಡುಕಬೇಡಿ. ಅನುಮಾನವಿರುವ ಅಕ್ಷರದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ. ನಂಬರು ಗೊತ್ತಿದ್ದರೆ ಹೆಸರಿನ ಗೋಜೇ ಬೇಡ. ಕಲ್ಲಿನ ಮೇಲುಗಡೆ ಇರುವುದು ಅದೇ ನಂಬರು.

ಮೊದಲ ಹಾಳೆ ಅಟೆಸ್ಟೇಶನ್ ಪೇಪರ್, ಅಂದರೆ ಸೇನೆಗೆ ಸೇರುವಾಗ ಸಹಿ ಹಾಕುವ ಕಾಗದ. ಮುಂಬದಿಯಲ್ಲಿ 12 ಪ್ರಶ್ನೆ: ಹೆಸರು, ಹುಟ್ಟಿದ ಊರು, ಹತ್ತಿರದ ಬಂಧು, ಅವರ ವಿಳಾಸ, ಹುಟ್ಟಿದ ದಿನ, ಕಸುಬು, ಮದುವೆ, ಸಿಡುಬಿನ ಚುಚ್ಚುಮದ್ದು, ಹೀಗೆ. ಹಿಂಬದಿಯಲ್ಲಿ ಎತ್ತರ, ಎದೆಯ ಸುತ್ತಳತೆ, ಮೈಬಣ್ಣ, ಮತ್ತು ಧರ್ಮ. ಧರ್ಮದ ಕಾಲಂನಲ್ಲಿ ಮೊದಲೇ ಅಚ್ಚಾದ ಪಟ್ಟಿ ಇದೆ: ಚರ್ಚ್ ಆಫ್ ಇಂಗ್ಲೆಂಡ್, ಪ್ರೆಸ್ಬಿಟೇರಿಯನ್, ವೆಸ್ಲಿಯನ್, ಬ್ಯಾಪ್ಟಿಸ್ಟ್ ಅಥವಾ ಕಾಂಗ್ರಿಗೇಷನಲಿಸ್ಟ್, ಇತರ ಪ್ರಾಟೆಸ್ಟೆಂಟ್, ರೋಮನ್ ಕ್ಯಾಥೊಲಿಕ್, ಯೆಹೂದಿ. ಅಷ್ಟೇ. ಸಿಖ್ಖನಿಗೆ, ಬೌದ್ಧನಿಗೆ, ಮುಸಲ್ಮಾನನಿಗೆ ಆ ಕಾಗದದಲ್ಲಿ ಜಾಗವೇ ಇರಲಿಲ್ಲ. ಒಂದು ಖಾಲಿ ಪ್ರತಿ ತೋರಿಸಿ ಮಕ್ಕಳನ್ನೇ ತುಂಬಲು ಹೇಳಿ, ಭಾಷಣಕ್ಕಿಂತ ಅದು ಚೆನ್ನಾಗಿ ನಾಟುತ್ತದೆ.

ಆಮೇಲೆ ಕ್ಯಾಶುಯಲ್ಟಿ ಫಾರ್ಮ್, ಅಂದರೆ ಗಾಯ, ವರ್ಗಾವಣೆಗಳ ದಾಖಲೆ: ಕೈಬರಹ, ಎಲ್ಲಾ ಸಂಕ್ಷೇಪ. ಟಿ.ಓ.ಎಸ್. ಎಂದರೆ ದಳದ ಲೆಕ್ಕಕ್ಕೆ ಸೇರಿಸಿಕೊಂಡರು. ಎಸ್.ಓ.ಎಸ್. ಎಂದರೆ ಲೆಕ್ಕದಿಂದ ತೆಗೆದರು, ಅಪಾಯದ ಕರೆ ಅಲ್ಲ. ಜಿ.ಎಸ್.ಡಬ್ಲ್ಯು. ಗುಂಡಿನ ಗಾಯ, ಆದರೆ ಷೆಲ್ ಚೂರಿನ ಗಾಯಕ್ಕೂ ಇದನ್ನೇ ಬರೆದುಬಿಡುತ್ತಿದ್ದರು. ಹಾಗಾಗಿ ಆಸ್ಪತ್ರೆಯ ಹಾಳೆ ನೋಡದೆ ಗುಂಡೋ ಚೂರೋ ಎಂದು ತೀರ್ಮಾನಿಸಬೇಡಿ. ಒಂದೇ ಸಾಲಿನಲ್ಲಿ ಎರಡು ತಾರೀಖು ಇರುತ್ತವೆ: ಎಡತುದಿಯದು ವರದಿ ಬಂದ ದಿನ, ಬಲಗಡೆಯದು ಘಟನೆ ನಡೆದ ದಿನ. ಎಡಗಡೆಯದನ್ನು ಎತ್ತಿಕೊಂಡವರ ಲೇಖನಗಳಲ್ಲಿ ಗಾಯಾಳು ಒಂದು ವಾರ ತಡವಾಗಿ ಬೀಳುತ್ತಾನೆ.

ಬೆಟಾಲಿಯನ್ನಿನ ಯುದ್ಧ ದಿನಚರಿಯಲ್ಲಿ ಹೆಸರು ಹುಡುಕಿ ನಿರಾಶರಾಗಬೇಡಿ. ಅಲ್ಲಿ ಅಧಿಕಾರಿಗಳಿಗೆ ಮಾತ್ರ ಹೆಸರು. ಉಳಿದವರು "ಓ.ಆರ್. (ಅಧಿಕಾರಿಗಳಲ್ಲದವರು) ಇಷ್ಟು ಮಂದಿ ಗಾಯ" ಎಂಬ ಅಂಕಿಯೊಳಗೆ ಇರುತ್ತಾರೆ. ತಾರೀಖು ಹೊಂದಿಸಿಕೊಂಡು ಆ ದಿನ ದಳ ಎಲ್ಲಿತ್ತು, ಏನಾಯಿತು ಎಂದು ಓದಿಕೊಳ್ಳಬೇಕು.

ಪಡುವಣಗಾಳಿ
ಪಂಜಾಬಿನ ಸೈನಿಕರ ಹೊಸ ದತ್ತಾಂಶ ಬಂದಿದೆಯಲ್ಲ, ಲಾಹೋರ್ ಮ್ಯೂಸಿಯಂನಲ್ಲಿದ್ದ ರಿಜಿಸ್ಟರುಗಳು. ಅದರಲ್ಲಿ ಊರಿನ ಹೆಸರಿನಿಂದಲೇ ಹುಡುಕಬಹುದು. ಅದರಲ್ಲಿ ಸಿಗಲ್ವಾ?

ಕಡತಪ್ರೇಮಿ
ಇವರು ಸಿಗುವುದಿಲ್ಲ. ಅದು ಬ್ರಿಟಿಷ್ ಭಾರತದ ಸೇನೆಗೆ ಪಂಜಾಬಿನಿಂದ ಹೋದ ಸುಮಾರು 3,20,000 ಮಂದಿಯ ಲೆಕ್ಕ. ಕೆನಡಾದ ಪಡೆಗೆ ಸೇರಿದವರು ಅದರ ವ್ಯಾಪ್ತಿಯಲ್ಲಿಲ್ಲ. ಮೇಲಾಗಿ ಮೊದಲ ಕಂತಿನಲ್ಲಿ ಮೂರು ಜಿಲ್ಲೆ ಮಾತ್ರ ಬಂದದ್ದು: ಜಲಂಧರ್, ಲುಧಿಯಾನ, ಸಿಯಾಲ್‌ಕೋಟ್. ವಲಸೆ ಸೈನಿಕನ ಕಡತ ಅವನು ಹುಟ್ಟಿದ ದೇಶದಲ್ಲಿ ಇರುವುದಿಲ್ಲ, ಸಮವಸ್ತ್ರ ಕೊಟ್ಟ ದೇಶದಲ್ಲಿರುತ್ತದೆ.

ಇನ್ನೊಂದು ಬಲೆ: ಹಳೇ ಕಾಗದದಲ್ಲಿ "ಬರ್ಲಿನ್" ಎಂದಿದ್ದರೆ ಜರ್ಮನಿ ಎಂದುಕೊಳ್ಳಬೇಡಿ. ಕಿಚನರ್ ಊರಿನ ಹೆಸರು 1916ರವರೆಗೆ ಬರ್ಲಿನ್ ಅಂತಲೇ ಇತ್ತು. ಯುದ್ಧದ ಬಿಸಿಯಲ್ಲಿ ಬದಲಾಯಿಸಿದರು.

ಗ್ರ್ಯಾಂಡ್‌ರಿವರ್_ಕೂಟ
ಬಹಳ ಉಪಕಾರ. ಇನ್ನು ಸಮಾಧಿ ಹತ್ತಿರದ ವಿಷಯ. ಕೂಟದ ಹಿರಿಯರು ಕಲ್ಲು ತೊಳೆದು, ಅರಿಶಿನ ಕುಂಕುಮ ಇಟ್ಟು, ದೀಪ ಹಚ್ಚೋಣ ಅನ್ನುತ್ತಿದ್ದಾರೆ.

ಕಲ್ಲುಕುಟಿಕ_ಮಗ
ದಯವಿಟ್ಟು ಮೂರೂ ಬೇಡ. ಭಕ್ತಿಯ ಮಾತಲ್ಲ, ಕಲ್ಲಿನ ಮಾತು.

ಆಯೋಗದ ಮಾದರಿ ಕಲ್ಲು ಸುಮಾರು 81 ಸೆಂ.ಮೀ. ಎತ್ತರ, 38 ಸೆಂ.ಮೀ. ಅಗಲ, ಏಳೂವರೆ ಸೆಂ.ಮೀ. ದಪ್ಪ. ಕೆನಡಾ ಸೈನಿಕರಿಗೆ ಮೇಪಲ್ ಎಲೆಯ ಗುರುತು. ಕಲ್ಲಿಗೆ ಕಣ್ಣಿಗೆ ಕಾಣದ ರಂಧ್ರ ಇರುತ್ತವೆ. ಅರಿಶಿನದ ಬಣ್ಣ, ಎಣ್ಣೆ ಒಮ್ಮೆ ಒಳಗಿಳಿದರೆ ಮೇಲಿನಿಂದ ಉಜ್ಜಿ ತೆಗೆಯಲಾಗದು. ಎಣ್ಣೆಯ ಮೇಲೆ ಧೂಳು ಕೂತು, ಪಾಚಿ ಹಿಡಿದು, ಎರಡೇ ವರ್ಷದಲ್ಲಿ ಕಪ್ಪು ತೇಪೆ. ಮೇಣ ಇಳಿದರೂ ಅದೇ ಗತಿ, ಕೆರೆದರೆ ಅಕ್ಷರದ ಅಂಚು ಹೋಗುತ್ತದೆ.

ತೊಳೆಯುವುದು ನವೆಂಬರ್‌ನಲ್ಲಿ ಸುತರಾಂ ಕೂಡದು. ಹಗಲು ಇಳಿಸಿದ ನೀರು ರಾತ್ರಿ ರಂಧ್ರದೊಳಗೇ ಹೆಪ್ಪುಗಟ್ಟಿ ಹಿಗ್ಗುತ್ತದೆ, ಮೇಲ್ಪದರ ಚಕ್ಕೆ ಏಳುತ್ತದೆ. ತೊಳೆಯಲೇಬೇಕೆಂದರೆ ಬೇಸಿಗೆಯಲ್ಲಿ, ಸ್ಮಶಾನದ ಕಚೇರಿಯಲ್ಲಿ ಕೇಳಿಕೊಂಡು. ಬರೀ ನೀರು, ಮೆತ್ತನೆ ನಾರಿನ ಬ್ರಷ್. ಮೊದಲು ಕಲ್ಲು ಪೂರ್ತಿ ತೋಯಿಸಿ, ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಾ ಹೋಗಿ. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣ ಭಾಗದ ಮೇಲೆ ಹರಿದು ಪಟ್ಟೆ ಬೀಳುತ್ತದೆ. ಸೋಪು, ಬ್ಲೀಚ್, ತಂತಿ ಬ್ರಷ್, ಪ್ರೆಷರ್ ವಾಷರ್ ಹತ್ತಿರ ಸುಳಿಯಬಾರದು.

ಅಕ್ಷರ ಓದಲಾಗದಿದ್ದರೆ ಸೀಮೆಸುಣ್ಣ, ಮೈದಾಹಿಟ್ಟು, ಶೇವಿಂಗ್ ಫೋಮ್ ಬಳಿಯುವ ಚಾಳಿ ಇದೆ. ಅದೂ ಬೇಡ. ಒಂದು ದೊಡ್ಡ ಕನ್ನಡಿ ಹಿಡಿದು ಬಿಸಿಲನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಬೀಳಿಸಿ. ಅಕ್ಷರದ ಗುಣಿಯಲ್ಲಿ ನೆರಳು ನಿಲ್ಲುತ್ತದೆ, ಫೋಟೋ ಸ್ಪಷ್ಟ ಬರುತ್ತದೆ. ಮೋಡವಿದ್ದರೆ ಟಾರ್ಚ್ ಸಾಕು, ಆದರೆ ಎದುರಿನಿಂದ ಬಿಡಬೇಡಿ.

ಮಲೆನಾಡವಳು
ಜೊತೆಗೆ, ಅವರು ಸಿಖ್. ಅರಿಶಿನ ಕುಂಕುಮ ಅವರ ಪದ್ಧತಿಯೂ ಅಲ್ಲ. ಸಿಖ್ ಸಮುದಾಯ ಪ್ರತಿ ನವೆಂಬರ್‌ನಲ್ಲಿ ಅದೇ ಸಮಾಧಿಯ ಬಳಿ ಸ್ಮರಣೆ ಇಟ್ಟುಕೊಳ್ಳುತ್ತದೆ. ಬೇರೆ ದಿನ ಹುಡುಕುವುದಕ್ಕಿಂತ ಅವರನ್ನು ಕೇಳಿಕೊಂಡು ಅದೇ ದಿನ ಹೋಗುವುದು ಮರ್ಯಾದೆ. ಅರ್ದಾಸ್ (ಸಿಖ್ಖರ ಪ್ರಾರ್ಥನೆ) ನಡೆಯುವಾಗ ತಲೆ ಮುಚ್ಚಿಕೊಳ್ಳಬೇಕು, ಮಕ್ಕಳಿಗೆಲ್ಲ ಒಂದೊಂದು ಕರವಸ್ತ್ರ ಇರಲಿ. ಹೂವು ಇಡಬಹುದು. ಚೆಂಡುಹೂವಿನ ಹಾರವಾದರೆ ಕಲ್ಲಿಗೆ ತೊಡಿಸದೆ ಬುಡದಲ್ಲಿಡಿ, ಪ್ಲಾಸ್ಟಿಕ್ ದಾರ ಬೇಡ.

ಮಡಿದ ಸೈನಿಕರ ನೆನಪಿಗೆ ಧರಿಸುವ ಪಾಪಿ ಹೂವಿನ ಪಿನ್ ಎಡಗಡೆ, ಎದೆಯ ಮೇಲೆ. ಅಕ್ಟೋಬರ್ ಕೊನೆಯ ಶುಕ್ರವಾರದಿಂದ ನವೆಂಬರ್ 11ರವರೆಗೆ ಧರಿಸುವುದು ರೂಢಿ. ಕೆನಡಾದ ಪಾಪಿಗೆ ನೇರ ಸೂಜಿ, ಕೊಂಡಿ ಇಲ್ಲ, ಜಾಕೆಟ್ಟಿನಿಂದ ಜಾರಿ ದಾರಿಯುದ್ದಕ್ಕೂ ಉದುರುತ್ತವೆ. ಬಟ್ಟೆಯಲ್ಲಿ ಎರಡು ಸಲ ಹೊಲಿಗೆಯಂತೆ ಚುಚ್ಚಿ, ತುದಿಗೆ ಎರೇಸರ್ ಚೂರು ಸಿಕ್ಕಿಸಿ. ಮಧ್ಯದ ಕಪ್ಪು ಚುಕ್ಕೆಯ ಮೇಲೆ ಬಾವುಟದ ಬ್ಯಾಡ್ಜ್ ಚುಚ್ಚುವವರಿದ್ದಾರೆ. ಅದನ್ನು ಪಾಪಿ ಹಂಚುವ ಮಾಜಿ ಸೈನಿಕರ ಸಂಘವಾದ ಲೀಜನ್‌ನವರು ಒಪ್ಪುವುದಿಲ್ಲ.

ಪಡುವಣಗಾಳಿ
ಕರಪತ್ರದಲ್ಲಿ ಕ್ಷಯದ ವಿಷಯ, ವರ್ಣಭೇದದ ವಿಷಯ ಎಲ್ಲ ಬೇಕಾ? ಮಕ್ಕಳಿಗೆ ಶೌರ್ಯ ಹೇಳಿದರೆ ಸಾಲದೇ?

ಲೀಡ್ಸ್_ಕನ್ನಡಿಗ
ಸಾಲದು. ಅದಿಲ್ಲದೆ ಈ ಹುಡುಗ ಅರ್ಥವೇ ಆಗುವುದಿಲ್ಲ. ಇವರು ಬಂದ 1907ರಲ್ಲೇ ಬ್ರಿಟಿಷ್ ಕೊಲಂಬಿಯಾ ಭಾರತೀಯರ ಮತದಾನದ ಹಕ್ಕು ಕಿತ್ತುಕೊಂಡಿತು. 1908ರಲ್ಲಿ ಹುಟ್ಟಿದ ದೇಶದಿಂದ ನೇರ ಪ್ರಯಾಣ ಮಾಡಿಯೇ ಬರಬೇಕೆಂಬ ನಿಯಮ, ಜೊತೆಗೆ ಕೈಯಲ್ಲಿ 200 ಡಾಲರ್ ಇರಬೇಕೆಂಬ ಷರತ್ತು. ಭಾರತದಿಂದ ನೇರ ಹಡಗೇ ಇರಲಿಲ್ಲ, ಅಲ್ಲಿಗೆ ಬಾಗಿಲು ಮುಚ್ಚಿದ ಹಾಗೆ. ಹೆಂಡತಿಯನ್ನು ಕರೆಸಿಕೊಳ್ಳುವ ದಾರಿ ತೆರೆದದ್ದು 1919ರಲ್ಲಿ. 1914ರ ಮೇ ತಿಂಗಳಲ್ಲಿ ಕೊಮಗಾಟ ಮಾರು ಹಡಗು 376 ಭಾರತೀಯರನ್ನು ಹೊತ್ತು ವ್ಯಾಂಕೂವರ್‌ಗೆ ಬಂತು. ಎರಡು ತಿಂಗಳು ನೀರಲ್ಲೇ ನಿಲ್ಲಿಸಿ ಜುಲೈ 23ರಂದು ಅಟ್ಟಿದರು. ಅದಾಗಿ ವರ್ಷ ತುಂಬುವ ಮೊದಲೇ ಬುಕಮ್ ಸಿಂಗ್ ಸೈನ್ಯಕ್ಕೆ ಸಹಿ ಹಾಕಿದ್ದು. ಮತದ ಹಕ್ಕು ಮರಳಿದ್ದು 1947ರಲ್ಲಿ. ಇಷ್ಟನ್ನು ನಾಲ್ಕು ಸಾಲಲ್ಲಿ ಹಾಕಿ, ವಿಶೇಷಣ ಒಂದೂ ಬೇಡ.

ಪಡುವಣಗಾಳಿ
ಒಪ್ಪಿದೆ. ಕೊಮಗಾಟ ಮಾರು ತಾರೀಖು ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಇದು ಹಳೇ ಕಾಲದ ಮಾತೇ ಬಿಡಿ, ಈಗ ಹೀಗೆ ಆಗಲ್ಲ ಅಲ್ವಾ?

ಹಳೇಪದಕ
ಆಗುತ್ತದೆ. 2003ರ ಮಾರ್ಚ್ 21ರಂದು ಇರಾಕಿನ ಉಮ್ ಕಸ್ರ್ ಬಳಿ ಸತ್ತ ಅಮೆರಿಕದ ಮರೀನ್ ಹೋಸೆ ಗುಟಿಯೆರೆಸ್ ಗ್ವಾಟೆಮಾಲಾದ ಅನಾಥ. ಮೆಕ್ಸಿಕೋ ಹಾಯ್ದು ಕ್ಯಾಲಿಫೋರ್ನಿಯಾ ಸೇರಿದವನು. ಸಾಯುವಾಗ ಅಮೆರಿಕದ ಪೌರನಾಗಿರಲಿಲ್ಲ. ಏಪ್ರಿಲ್‌ನಲ್ಲಿ ಮರಣೋತ್ತರ ಪೌರತ್ವ ಕೊಟ್ಟರು. ಅಮೆರಿಕದಲ್ಲಿ ಅದಕ್ಕೆ ಎನ್-644 ಎಂಬ ಅರ್ಜಿ ಇದೆ, ಶುಲ್ಕವಿಲ್ಲ, ಸಾವಿನ ಎರಡು ವರ್ಷದೊಳಗೆ ಹತ್ತಿರದ ಬಂಧು ಹಾಕಬೇಕು. ವಾಯಿದೆ ತಪ್ಪಿದರೆ ಮುಗಿಯಿತು. ಊರಲ್ಲಿರುವ ಮುದಿ ತಂದೆತಾಯಿಗೆ ಆ ಅರ್ಜಿಯ ಹೆಸರು ಯಾರು ಹೇಳಬೇಕು? ಹೆಚ್ಚಿನವು ತಪ್ಪುವುದು ಅಲ್ಲೇ ಇರಬೇಕು.

ಗ್ರ್ಯಾಂಡ್‌ರಿವರ್_ಕೂಟ
ಕೊನೆಯ ಪ್ರಶ್ನೆ. ಕರ್ನಾಟಕದ ಸಂಬಂಧ ಏನಾದರೂ ಹಾಕಬಹುದೇ? ಮೈಸೂರು ಲ್ಯಾನ್ಸರ್ಸ್, ಹೈಫಾ ಎಲ್ಲ ಸೇರಿಸಿ ಅಂತ ಒಬ್ಬರು ಹೇಳುತ್ತಿದ್ದಾರೆ.

ಕಡತಪ್ರೇಮಿ
ಇದಕ್ಕೆ ಅಂಟಿಸಬೇಡಿ. ಮೈಸೂರು ಲ್ಯಾನ್ಸರ್ಸ್ ಸಂಸ್ಥಾನದ ಪಡೆ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಕಾದಾಡಿದ ಕುದುರೆ ದಳ. ವಲಸೆಗೂ ಅದಕ್ಕೂ ಸಂಬಂಧವಿಲ್ಲ. ಮಕ್ಕಳು ಬೇಸಿಗೆ ರಜೆಗೆ ಬೆಂಗಳೂರಿಗೆ ಹೋದಾಗ ಜೆ.ಸಿ. ನಗರದ ಸ್ಮಾರಕ ತೋರಿಸಿ, ಅದು ಬೇರೆ ಕರಪತ್ರ. ಇಲ್ಲಿ ಉಳಿದ ಜಾಗಕ್ಕೆ ಗ್ವೆಲ್ಫ್ ಹಾಕಿ. ಕಿಚನರ್‌ನಿಂದ ಅರ್ಧ ಗಂಟೆಯ ಹಾದಿ, ಪಾಪಿ ಹೂವಿನ ಪದ್ಯ ಬರೆದ ಡಾಕ್ಟರ್ ಜಾನ್ ಮೆಕ್ರೇ ಹುಟ್ಟಿದ ಮನೆ ಅಲ್ಲಿ ಮ್ಯೂಸಿಯಂ ಆಗಿದೆ. ಬುಕಮ್ ಸಿಂಗ್ ಗಾಯಗೊಂಡಾಗ ಚಿಕಿತ್ಸೆ ಪಡೆದದ್ದು ಆ ಮೆಕ್ರೇ ಕೆಲಸ ಮಾಡುತ್ತಿದ್ದ ಸೇನಾ ಆಸ್ಪತ್ರೆಯಲ್ಲೇ. ಎರಡನ್ನೂ ಒಂದೇ ದಿನ ನೋಡಬಹುದು. ಹೊರಡುವ ಮೊದಲು ಮ್ಯೂಸಿಯಂ ತೆರೆದಿರುವ ಸಮಯ ಫೋನ್ ಮಾಡಿ ಕೇಳಿಕೊಳ್ಳಿ.

ಗ್ರ್ಯಾಂಡ್‌ರಿವರ್_ಕೂಟ
ಸರಿ ಸರ್. ಕರಡು ನಾಳೆ ಇಲ್ಲೇ ಹಾಕುತ್ತೇನೆ, ತಾರೀಖುಗಳನ್ನು ಒಮ್ಮೆ ತಿದ್ದಿಕೊಡಿ.

ಕಲ್ಲುಕುಟಿಕ_ಮಗ
ಹಾಕಿ. ಕಲ್ಲಿನ ಫೋಟೋ ಹಾಕುವುದಾದರೆ ನಂಬರು, ದಳ, ತಾರೀಖು ಮೂರೂ ಓದುವ ಹಾಗೆ ಇರಲಿ, ಹಾರ ಅಡ್ಡ ಬಾರದಂತೆ ತೆಗೆದದ್ದು.